ಬೇಳೆ ಬೆಂದ ಮೇಲೆ ಬೆಲ್ಲ: ಅಡುಗೆಗೂ ಮಾತಿಗೂ ಸಿಹಿ ಬೆರೆಸುವ ಕ್ರಮ

ಮದುವೆಯಾಗಿ ಸಾಗರದ ಕಡೆಯಿಂದ ತೀರ್ಥಹಳ್ಳಿಯ ಕಡೆಗೆ ಬಂದ ಮೊದಲ ಯುಗಾದಿಗೆ ಹೋಳಿಗೆಯ ಹೂರಣ ನನ್ನ ಪಾಲಿಗೆ ಬಂತು. ಎರಡು ಕೆಲಸ ಒಂದೇ ಸಲ ಮುಗಿಯಲಿ ಎಂದು ಕಡಲೆಬೇಳೆಯನ್ನೂ ಬೆಲ್ಲವನ್ನೂ ಒಟ್ಟಿಗೆ ನೀರಿಗೆ ಹಾಕಿ ಒಲೆಯ ಮೇಲಿಟ್ಟೆ. ಒಂದು ಗಂಟೆ ಕಳೆಯಿತು, ಒಂದೂವರೆಯೂ ಕಳೆಯಿತು. ನೀರು ಬತ್ತಿತು, ಬೆಲ್ಲ ತಳ ಹಿಡಿಯಿತು, ಬೇಳೆ ಮಾತ್ರ ಹರಳಿನಂತೆ ಹಾಗೆಯೇ ಕುಳಿತಿತ್ತು. ಅತ್ತೆ ಬಂದು ಒಂದು ಬೇಳೆಯನ್ನು ಬೆರಳಲ್ಲಿ ಹಿಚುಕಿ ನೋಡಿದರು. "ಬೇಯುವ ಮೊದಲೇ ಬೆಲ್ಲ ಹಾಕಿದರೆ ಬೇಳೆಗೆ ಬೇಯುವ ಮನಸ್ಸೇ ಬರುವುದಿಲ್ಲ ಮಾರಾಯ್ತಿ" ಎಂದು ಹೇಳಿ, ಇಡೀ ಪಾತ್ರೆಯನ್ನು ರುಬ್ಬುವ ಕಲ್ಲಿನ ಹತ್ತಿರ ಒಯ್ದರು.

ನಾನು ವೃತ್ತಿಯಿಂದ ಅಡುಗೆಯವಳಲ್ಲ. ಒಂದು ಸಹಕಾರ ಸಂಘದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಾಲ ವಸೂಲಿಯ ಪತ್ರ ಬರೆದವಳು. ಆ ಕೆಲಸದಲ್ಲಿಯೂ ಇದೇ ತಪ್ಪನ್ನು ಇನ್ನೊಂದು ರೂಪದಲ್ಲಿ ಮಾಡಿದ್ದೇನೆ. ಅದರ ಕಥೆ ಮುಂದೆ ಬರುತ್ತದೆ. ಸಿಹಿ ಬೆರೆಸುವುದೆಂದರೆ ಎಷ್ಟು ಹಾಕಬೇಕು ಎನ್ನುವುದಕ್ಕಿಂತ ಯಾವಾಗ ಹಾಕಬೇಕು ಎನ್ನುವ ಲೆಕ್ಕ ಎಂದು ನನಗೆ ತಿಳಿದದ್ದು ಹೀಗೆ, ಎರಡೂ ಕಡೆ ಕೈ ಸುಟ್ಟುಕೊಂಡ ಮೇಲೆ.

ಸಿಹಿಯ ವಿಷಯ ಬರೆಯಲು ನಮ್ಮ ಜಿಲ್ಲೆಯವರಿಗೆ ಒಂದಿಷ್ಟು ಹಕ್ಕೂ ಇದೆ. 'ಸಿಹಿ ಮೊಗೆ', ಅಂದರೆ ಸಿಹಿಯ ಮಡಕೆ ಎನ್ನುವುದೇ ಶಿವಮೊಗ್ಗ ಆಯಿತು ಎಂದು ಒಂದು ಕಥೆ ಹೇಳುತ್ತದೆ. ಶಿವನ ಮುಖದಿಂದ ಬಂದ ಹೆಸರು ಎಂದು ಇನ್ನೊಂದು ಕಥೆ ಹೇಳುತ್ತದೆ. ನಾನು ಮಡಕೆಯ ಪಕ್ಷ.

ಹಂತ 1: ಯಾವ ಡಬ್ಬಿಗೆ ಕೈ ಹಾಕಬೇಕು

ಮಲೆನಾಡಿನ ಅಡುಗೆಮನೆಯಲ್ಲಿ ಮೊದಲ ಗೌರವ ಜೋನಿ ಬೆಲ್ಲಕ್ಕೆ, ಅಂದರೆ ಗಟ್ಟಿಯಾಗದ, ಸುರಿಯಲು ಬರುವ ಬೆಲ್ಲಕ್ಕೆ. ಸಾಗರ, ಸೊರಬ, ಘಟ್ಟದ ಆಚೀಚೆಯ ಸಿದ್ದಾಪುರ, ಶಿರಸಿಯ ಕಡೆಗಳಲ್ಲಿ ಚಳಿ ಇಳಿಯುವ ಹೊತ್ತಿಗೆ ಆಲೆಮನೆಗಳು ಶುರುವಾಗುತ್ತವೆ. ಕಬ್ಬಿನ ಹಾಲಿನಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ನೀರೇ. ಅದನ್ನು ಕೊಪ್ಪರಿಗೆಯಲ್ಲಿ ಕಾಯಿಸುತ್ತಾ, ಮೇಲೆ ಕಟ್ಟುವ ಕೊಳೆಯನ್ನು ತೆಗೆಯುತ್ತಾ ಹೋಗುತ್ತಾರೆ. ಕೊಳೆ ಬಿಡಿಸಲು ಸುಣ್ಣದ ನೀರನ್ನೋ ಬೆಂಡೆ ಗಿಡದ ಲೋಳೆಯನ್ನೋ ಹಾಕುವುದು ಹಳೆಯ ಕ್ರಮ. ಪಾಕದ ಬಿಸಿ 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಇಳಿಸಿದರೆ ಜೋನಿ. ಇನ್ನೂ ಕಾಯಿಸಿ 118ರ ಸಮೀಪದಲ್ಲಿ ಇಳಿಸಿ, ತಿರುವಿ, ಅಚ್ಚಿಗೆ ಹೊಯ್ದರೆ ಗಟ್ಟಿ ಬೆಲ್ಲ. ಅಂದರೆ ಎರಡರ ನಡುವಿನ ಅಂತರ ಹದಿಮೂರು ಡಿಗ್ರಿ, ಒಂದಿಷ್ಟು ಸೌದೆ, ಮತ್ತು ಕೊಪ್ಪರಿಗೆಯ ಪಕ್ಕ ನಿಂತವನ ಕಣ್ಣು.

ಜೋನಿ ಕೊಳ್ಳುವಾಗ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ತಟ್ಟೆಯನ್ನು ವಾಲಿಸಿ. ನೀರಿನಂತೆ ಓಡಿದರೆ ಪಾಕ ಎಳತು. ಮಳೆಗಾಲ ದಾಟುವುದಿಲ್ಲ, ಹುಳಿ ಬರುತ್ತದೆ. ಡಬ್ಬಿಯ ತಳದಲ್ಲಿ ಹರಳು ಕೂಡಿದ್ದರೆ ಬಹಳ ಜನ ಮೂಗು ಮುರಿಯುತ್ತಾರೆ. ಅದು ದೋಷವಲ್ಲ, ನಮ್ಮ ಮನೆಯಲ್ಲಿ ಮಕ್ಕಳು ಜಗಳವಾಡುತ್ತಿದ್ದದ್ದೇ ಆ ತಳದ ಹರಳಿಗೆ. ಗಟ್ಟಿ ಬೆಲ್ಲದಲ್ಲಿ ತೀರಾ ಹಳದಿಯಾಗಿ ಹೊಳೆಯುವುದನ್ನು ಕಂಡರೆ ನಾನು ಹಿಂದೆ ಸರಿಯುತ್ತೇನೆ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ರೂಢಿ ಹಲವು ಕಡೆ ಇದೆ. ಕಪ್ಪಗಿದ್ದ ಮಾತ್ರಕ್ಕೆ ಶುದ್ಧ ಎಂದೂ ಅಲ್ಲ, ಹಳೆಯದಾಗಿರಬಹುದು. ಒಂದು ಚೂರು ಬಾಯಿಗೆ ಹಾಕಿಕೊಳ್ಳಿ: ಉಪ್ಪುಪ್ಪಾಗಿದ್ದರೆ ಅಥವಾ ನಾಲಿಗೆಯ ತುದಿಯಲ್ಲಿ ಕಹಿ ಉಳಿದರೆ ಬೇಡ.

ಜೇನಿನ ವಿಷಯದಲ್ಲಿ ನಮ್ಮವರಿಗೆ ಹೆಮ್ಮೆ ಹೆಚ್ಚು, ಪರೀಕ್ಷೆಗಳೂ ಹೆಚ್ಚು. ನೀರಿಗೆ ಬಿಟ್ಟರೆ ನೇರ ತಳಕ್ಕೆ ಹೋಗಬೇಕು, ಬತ್ತಿಗೆ ಸವರಿದರೆ ಉರಿಯಬೇಕು ಎಂದೆಲ್ಲ ಹೇಳುತ್ತಾರೆ. ಗಟ್ಟಿಯಾದ ಸಕ್ಕರೆ ಪಾಕವೂ ನೀರಿನ ತಳಕ್ಕೇ ಹೋಗುತ್ತದೆ, ಆದ್ದರಿಂದ ಆ ಪರೀಕ್ಷೆ ನಂಬಬೇಡಿ. ತುಡುವೆ ಜೇನಿನ ಪೆಟ್ಟಿಗೆ ಇಟ್ಟವರ ಪರಿಚಯವಿದ್ದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಜೇನು ಹರಳುಗಟ್ಟಿದರೆ ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಡಿ, ಒಲೆಯ ಮೇಲೆ ಕುದಿಸಬೇಡಿ, ಪರಿಮಳ ಹೋಗುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಮುಟ್ಟಿಸುವ ಪದ್ಧತಿ ಇನ್ನೂ ಇದೆ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೊಡಬಾರದು. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಬಾಟ್ಯುಲಿಸಂ ಎಂಬ ನರಗಳ ಕಾಯಿಲೆ ತರುತ್ತವೆ. ಶಾಸ್ತ್ರಕ್ಕೆ ಬೇಕೆಂದರೆ ಜೇನಿನ ಬಟ್ಟಲನ್ನು ತೊಟ್ಟಿಲಿನ ಪಕ್ಕ ಇಡಿ, ಸಾಕು.

ಸಕ್ಕರೆಗೆ ಪರಿಮಳವಿಲ್ಲ ಎನ್ನುವುದೇ ಅದರ ಗುಣ. ಏಲಕ್ಕಿ, ಕೇಸರಿ, ಮುರುಗಲು ಹಣ್ಣಿನ ಶರಬತ್ತು ಇಂಥವುಗಳಿಗೆ ಸಕ್ಕರೆಯೇ ಸರಿ, ಬೆಲ್ಲ ಹಾಕಿದರೆ ಅದೇ ಮುಂದೆ ಬಂದು ನಿಲ್ಲುತ್ತದೆ.

ಹಂತ 2: ಕರಗಿಸಿ ಸೋಸುವುದು

ಗಟ್ಟಿ ಬೆಲ್ಲವನ್ನು ಜಜ್ಜಿ, ಮುಳುಗುವಷ್ಟೇ ನೀರು ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ ತೆಳು ಬಟ್ಟೆಯಲ್ಲಿ ಸೋಸಿ. ಕಬ್ಬಿನ ಸಿಪ್ಪೆ, ಮರಳು, ಕೆಲವೊಮ್ಮೆ ಗೋಣಿಯ ದಾರ ಸಿಗುತ್ತದೆ. ಈ ಹಂತವನ್ನು ಬಿಟ್ಟವರ ಪಾಯಸವನ್ನು ಮೊದಲ ಚಮಚದಲ್ಲೇ ಹಲ್ಲು ಗುರುತಿಸುತ್ತದೆ.

ಹಂತ 3: ಕಾಯುವುದು

ಈ ಬರಹ ಶುರುವಾದದ್ದೇ ಇಲ್ಲಿಂದ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬಿಸಿನೀರಿನಲ್ಲಿ ಅದು ಕರಗಿದಾಗ ಬೇಳೆ ಮೆತ್ತಗಾಗುತ್ತದೆ. ಬೆಲ್ಲದಲ್ಲಿರುವ ಆಮ್ಲದ ಅಂಶ, ಕ್ಯಾಲ್ಸಿಯಂ, ಸಕ್ಕರೆ ಮೂರೂ ಸೇರಿ ಆ ಕರಗುವಿಕೆಯನ್ನು ತಡೆಯುತ್ತವೆ. ಹುಣಸೆಹುಳಿಯೂ ಇದನ್ನೇ ಮಾಡುತ್ತದೆ, ಅದಕ್ಕೇ ಸಾರಿಗೆ ಹುಳಿ ಕೊನೆಗೆ ಬೀಳುವುದು. ಹೂರಣಕ್ಕೆ ಒಂದು ಲೋಟ ಕಡಲೆಬೇಳೆಯಾದರೆ ಪುಡಿ ಮಾಡಿದ ಬೆಲ್ಲ ಹೆಚ್ಚುಕಡಿಮೆ ಅಷ್ಟೇ. ಬೇಳೆ ಬೆರಳಲ್ಲಿ ಹಿಚುಕಿದರೆ ಹಿಟ್ಟಾಗಬೇಕು. ಆಗ ಕಟ್ಟು ಬಸಿದು, ಬೆಲ್ಲ ಹಾಕಿ, ಸೌಟು ನೆಟ್ಟಗೆ ನಿಲ್ಲುವವರೆಗೆ ಮಗುಚಿ. ಬಸಿದ ಕಟ್ಟಿನಿಂದ ಸಾರು ಮಾಡದೇ ಇದ್ದರೆ ಹಬ್ಬ ಅರ್ಧವೇ ಆದ ಹಾಗೆ.

ಅಕ್ಕಿಯ ಪಾಯಸಕ್ಕೂ ಇದೇ ನಿಯಮ. ಸಕ್ಕರೆ ನೀರನ್ನು ತನ್ನ ಕಡೆ ಹಿಡಿದಿಟ್ಟುಕೊಳ್ಳುವುದರಿಂದ ಅಕ್ಕಿ ಅರಳುವುದು ನಿಧಾನವಾಗುತ್ತದೆ. ಅನ್ನ ಮುದ್ದೆಯಾಗುವಷ್ಟು ಬೆಂದಿದೆ ಎನಿಸಿದ ಮೇಲೆಯೇ ಸಿಹಿ.

ಹಾಲಿಗೆ ಬೆಲ್ಲ ಹಾಕಿ ಒಡೆದುಕೊಂಡವರು ಪ್ರತಿ ಮನೆಯಲ್ಲೂ ಇದ್ದಾರೆ. ಬೆಲ್ಲ ಸ್ವಲ್ಪ ಹುಳಿ ಸ್ವಭಾವದ್ದು, ಕುದಿಯುವ ಹಾಲು ಆ ಸ್ವಲ್ಪವನ್ನೂ ಸಹಿಸುವುದಿಲ್ಲ. ಉಪಾಯ ಸುಲಭ. ಪಾಯಸ ಕುದಿದ ಮೇಲೆ ಒಲೆಯಿಂದ ಇಳಿಸಿ, ಗುಳ್ಳೆ ನಿಲ್ಲುವವರೆಗೆ ಬಿಡಿ. ಸೋಸಿದ ಬೆಲ್ಲದ ನೀರೂ ಆರಿರಲಿ. ಎರಡನ್ನೂ ಬೆರೆಸಿ, ಮತ್ತೆ ಕುದಿಸಬೇಡಿ. ಬೆಲ್ಲದ ಕಾಫಿಗೆ ಡಿಕಾಕ್ಷನ್ನಿಗೇ ಬೆಲ್ಲ ಹಾಕಿ ಕುದಿಸಿ, ಲೋಟಕ್ಕೆ ಹೊಯ್ದ ಮೇಲೆ ಹಾಲು ಬೆರೆಸಿ. ಬೆಲ್ಲದ ಪಾಯಸಕ್ಕೆ ನಮ್ಮಲ್ಲಿ ಕಾಯಿಹಾಲು ಬಳಸುವುದರ ಹಿಂದೆ ತೆಂಗಿನ ಸಮೃದ್ಧಿಯ ಜೊತೆಗೆ ಈ ಜಾಣತನವೂ ಇದೆ ಎಂದು ನನ್ನ ಊಹೆ. ಕಾಯಿಹಾಲು ಬೆಲ್ಲಕ್ಕೆ ಹಾಗೆಲ್ಲ ಮುನಿಯುವುದಿಲ್ಲ. ಆದರೆ ಮೊದಲು ಹಿಂಡಿದ ದಪ್ಪ ಹಾಲನ್ನು ಕೊನೆಗೆ ಹಾಕಬೇಕು, ಕುದಿಸಿದರೆ ಎಣ್ಣೆ ಬಿಡುತ್ತದೆ.

ಹಂತ 4: ಪಾಕ ನೋಡುವುದು

ಎರಡು ಲೋಟ ಸಕ್ಕರೆಗೆ ಒಂದು ಲೋಟ ನೀರು. ನೀರು ಆವಿಯಾದಷ್ಟೂ ಪಾಕ ಕುದಿಯುವ ಬಿಸಿ ಏರುತ್ತದೆ, ಆರಿದ ಮೇಲೆ ಅದು ಎಷ್ಟು ಗಟ್ಟಿಯಾಗುತ್ತದೆ ಎನ್ನುವುದು ಅದರಲ್ಲೇ ತೀರ್ಮಾನವಾಗುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಒಂದೆಳೆ ಬಂದರೆ 105ರ ಆಸುಪಾಸು. ಜೋನಿಯ ಹದವೂ ಇದೇ. ತಣ್ಣೀರಿಗೆ ಬಿಟ್ಟ ಹನಿ ಮೆತ್ತನೆಯ ಉಂಡೆಯಾದರೆ 112ರಿಂದ 116. ತಟ್ಟೆಗೆ ಕುಟ್ಟಿದರೆ ಟಣ್ ಎಂದು ಸದ್ದಾಗಿ ಮುರಿದರೆ 146 ದಾಟಿದೆ. ಸಕ್ಕರೆ ಪಾಕ ಮತ್ತೆ ಹರಳುಗಟ್ಟದಿರಲು ನಾಲ್ಕು ಹನಿ ನಿಂಬೆರಸ ಹಿಂಡಿ. ಹುಳಿ ತಾಗಿದ ಸಕ್ಕರೆಯ ಒಂದಿಷ್ಟು ಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಹರಳುಗಳು ಒಟ್ಟುಗೂಡಲು ಅವು ಬಿಡುವುದಿಲ್ಲ. ನನ್ನ ಅಮ್ಮನಿಗೆ ಡಿಗ್ರಿ ಗೊತ್ತಿರಲಿಲ್ಲ, ಎಳೆ ತಪ್ಪಿದ್ದೂ ಇಲ್ಲ.

ತೊಡೆದೇವು ಎಂಬ ಕಾಗದದಂಥ ತೆಳು ಸಿಹಿತಿಂಡಿ ಬೇಕೆಂದರೆ ಪಾಕವೂ ಬೇಡ. ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿಯೇ ನುಣ್ಣಗೆ ರುಬ್ಬಿ, ಬೋರಲು ಹಾಕಿ ಕಾಯಿಸಿದ ಮಡಕೆಯ ಬೆನ್ನಿಗೆ ಬಟ್ಟೆಯಿಂದ ತೆಳ್ಳಗೆ ತೊಡೆಯುತ್ತಾರೆ. ಓದಿ ಕಲಿಯುವ ವಿದ್ಯೆ ಅಲ್ಲ ಅದು. ಸಾಗರದ ಕಡೆ ಯಾರಾದರೂ ನೆಂಟರಿದ್ದರೆ ಆಲೆಮನೆಯ ಹೊತ್ತಿಗೆ ಹೋಗಿ ಪಕ್ಕ ಕುಳಿತುಕೊಳ್ಳಿ.

ಹಂತ 5: ಕಹಿ, ಹುಳಿ, ಖಾರ, ಒಗರು – ಯಾವುದಕ್ಕೆ ಸಿಹಿ ಮದ್ದು

ಹಾಗಲಕಾಯಿಯ ಗೊಜ್ಜು ಮಾಡುವಾಗ ಹೊಸಬರು ಮಾಡುವ ತಪ್ಪು ಒಂದೇ, ಕಹಿ ಹೋಗಲಿ ಎಂದು ಬೆಲ್ಲದ ಮೇಲೆ ಬೆಲ್ಲ ಸುರಿಯುವುದು. ಆಗ ಸಿಕ್ಕುವುದು ಸಿಹಿಯಾದ ಕಹಿ, ಅದನ್ನು ನುಂಗುವುದು ಇನ್ನೂ ಕಷ್ಟ. ಕಹಿಯನ್ನು ನಾಲಿಗೆಯ ಮೇಲೆ ಮೊದಲು ತಗ್ಗಿಸುವುದು ಉಪ್ಪು. ಕಾಲು ಕಿಲೋ ಹಾಗಲಕಾಯಿಯನ್ನು ತೆಳ್ಳಗೆ ಹೆಚ್ಚಿ, ಒಂದು ಚಮಚ ಉಪ್ಪು ಬೆರೆಸಿ ಇಪ್ಪತ್ತು ನಿಮಿಷ ಬಿಟ್ಟು ಹಿಂಡಿ. ಎಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ನಿಂಬೆ ಗಾತ್ರದ ಹುಣಸೆಹಣ್ಣಿನ ರಸ ಹಾಕಿ ಹಸಿವಾಸನೆ ಹೋಗುವಷ್ಟು ಕುದಿಸಿ. ಆ ಮೇಲೆ ಹುಣಸೆಯ ಒಂದೂವರೆಯಷ್ಟು ಬೆಲ್ಲ, ಹುರಿದ ಎಳ್ಳು, ಒಣಮೆಣಸು, ಚಿಟಿಕೆ ಮೆಂತ್ಯದ ಪುಡಿ, ಕಾಯಿತುರಿ. ರುಚಿಗೆ ಉಪ್ಪು ಹಾಕುವ ಮುನ್ನ ಹಿಂಡಿದ ಹೋಳಿನಲ್ಲಿ ಉಳಿದಿರುವ ಉಪ್ಪನ್ನು ನೆನಪಿಡಿ. ಕಹಿ ಪೂರ್ತಿ ಹೋಗಬಾರದು. ಹೋದರೆ ಹಾಗಲಕಾಯಿ ಯಾಕೆ, ಕುಂಬಳಕಾಯಿಯನ್ನೇ ತರಬಹುದಿತ್ತು.

ಹುಳಿಗೂ ಸಿಹಿಗೂ ಹಳೆಯ ಸ್ನೇಹ, ಹೆಚ್ಚು ಹೇಳಬೇಕಾಗಿಲ್ಲ. ಮಾವಿನಕಾಯಿಯ ತಿಳಿಸಾರಾದ ಅಪ್ಪೆಹುಳಿಗೆ ಹಾಕುವ ಚೂರು ಬೆಲ್ಲ ಮಾವಿನ ಪರಿಮಳವನ್ನು ಎತ್ತಿ ಹಿಡಿಯುವಷ್ಟೇ ಇರಬೇಕು. ಸಿಹಿ ಎಂದು ಗೊತ್ತಾದರೆ ಹೆಚ್ಚಾಯಿತು. ಖಾರಕ್ಕೆ ಸಿಹಿಗಿಂತ ಮೊಸರು ವಾಸಿ. ಹಾಲಿನ ಪ್ರೋಟೀನು, ಕೊಬ್ಬು ಮೆಣಸಿನ ಉರಿಯನ್ನು ನಾಲಿಗೆಯಿಂದ ಬಿಡಿಸಿಕೊಂಡು ಹೋಗುತ್ತವೆ.

ಒಗರು ಮಾತ್ರ ಬೇರೆಯ ಜಾತಿ. ಅಡಿಕೆಯ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಅದು ಬಾಯಿಯ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಒಳಗನ್ನು ಒರಟಾಗಿಸುತ್ತದೆ. ಸಕ್ಕರೆ ಸುರಿದರೆ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಹೆಚ್ಚು ಕುದಿದು ಒಗರಾದ ಚಹಾಕ್ಕೆ ಸಕ್ಕರೆಯ ಬದಲು ಹಾಲು ಹಾಕಿ. ಒಗರು ಹಾಲಿನ ಪ್ರೋಟೀನಿಗೆ ಅಂಟಿಕೊಂಡರೆ ನಾಲಿಗೆಯನ್ನು ಬಿಡುತ್ತದೆ. ಜನರಲ್ಲಿಯೂ ಕಹಿಯಾದವರು ಬೇರೆ, ಒಗರಾದವರು ಬೇರೆ. ಕಹಿಯಾದವರು ನಾಲ್ಕು ಒಳ್ಳೆಯ ಮಾತಿಗೆ ಕರಗುತ್ತಾರೆ. ಒಗರಾದವರಿಗೆ ಮಾತು ಬೇಡ, ಪಕ್ಕದಲ್ಲಿ ಯಾರಾದರೂ ಸುಮ್ಮನೆ ಕುಳಿತಿರಬೇಕು.

ನೆಲಬೇವಿನ ಕಷಾಯದ ಒಳಗೆ ಬೆಲ್ಲ ಹಾಕುವುದು ಬೆಲ್ಲಕ್ಕೆ ಮಾಡುವ ಅವಮಾನ. ಕಷಾಯವನ್ನು ಒಂದೇ ಗುಟುಕಿಗೆ ಕುಡಿಸಿ, ಆಮೇಲೆ ಬೆಲ್ಲದ ಚೂರನ್ನು ಬಾಯಿಗೆ ಇಡಿ.

ಸಕ್ಕರೆಯೇ ಇಲ್ಲದೆ ಸಿಹಿ ಮಾಡುವ ದಾರಿಯೂ ಇದೆ. ನೆಲ್ಲಿಕಾಯಿ ಜಗಿದು ಒಂದು ಲೋಟ ನೀರು ಕುಡಿಯಿರಿ, ಬರೀ ನೀರೇ ಸಿಹಿ. 'ಗಂಗಾ ಸ್ನಾನ, ತುಂಗಾ ಪಾನ' ಎಂದವರು ನೆಲ್ಲಿಕಾಯಿ ತಿಂದು ತುಂಗೆಗೆ ಇಳಿದಿದ್ದರೇ ಎಂದು ಒಮ್ಮೆ ಕೇಳಿ ಮಾವನವರಿಂದ ಬೈಸಿಕೊಂಡಿದ್ದೇನೆ. ಇದರ ತಿರುಗುಮುರುಗು ಮಧುನಾಶಿನಿ ಬಳ್ಳಿಯ ಎಲೆ. ಅದನ್ನು ಜಗಿದ ಮೇಲೆ ಸ್ವಲ್ಪ ಹೊತ್ತು ಸಕ್ಕರೆ ಮರಳಿನಂತಾಗುತ್ತದೆ. ಚುನಾವಣೆಯ ಭಾಷಣಕ್ಕೆ ಹೋಗುವ ಮುನ್ನ ಕಿವಿಗೂ ಅಂಥದೊಂದು ಎಲೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಹಂತ 6: ಮಾತಿಗೆ ಸಿಹಿ

ಈಗ ಆ ಪತ್ರದ ಕಥೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ವಸೂಲಿ ಪತ್ರ ಒರಟಾಗಿರಬಾರದೆಂದು ನಾನೇ ಒಂದು ಮಾದರಿ ಬರೆದಿದ್ದೆ. "ಸಂಘದ ಹೆಮ್ಮೆಯ ಸದಸ್ಯರಾದ ತಾವು ಮೊದಲಿನಿಂದಲೂ ನೀಡುತ್ತಾ ಬಂದಿರುವ ಸಹಕಾರವನ್ನು ಸ್ಮರಿಸುತ್ತಾ" ಎಂದು ಶುರುವಾಗಿ, ಬಾಕಿಯ ಮೊತ್ತ ಬರುತ್ತಿದ್ದದ್ದು ಒಂಬತ್ತನೆಯ ಸಾಲಿನಲ್ಲಿ. ಹಿರಿಯ ರೈತರೊಬ್ಬರು ಮೊದಲ ಮೂರು ಸಾಲು ಓದಿ, ವಾರ್ಷಿಕ ಸಭೆಯ ಆಮಂತ್ರಣ ಇರಬೇಕೆಂದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಬಿಟ್ಟರು. ಗಡುವು ದಾಟಿತು, ಬಡ್ಡಿಯ ಮೇಲೆ ದಂಡಬಡ್ಡಿ ಬಿತ್ತು. ಅವರು ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಆ ಕಾಗದ ಇಟ್ಟು, "ಅಮ್ಮಾ, ಇದರಲ್ಲಿ ನೀವು ನನ್ನನ್ನು ಹೊಗಳಿದ್ದೋ, ದುಡ್ಡು ಕೇಳಿದ್ದೋ? ಒಂದು ಸರಿಯಾಗಿ ಹೇಳಬಾರದಿತ್ತೇ?" ಎಂದರು.

"ತಪ್ಪಾಯಿತು ಗೌಡರೇ" ಎಂದೆ. ಬೇರೆ ಏನು ಹೇಳಲಿ? ಬೇಳೆ ಬೇಯುವ ಮೊದಲು ಬೆಲ್ಲ ಹಾಕಿದ್ದೆ.

ಆಮೇಲೆ ಬದಲಾಯಿಸಿದ ಕ್ರಮ ಹೀಗೆ, ಪತ್ರ ಬರೆಯುವ ಯಾರಿಗಾದರೂ ಬಂದೀತು. ಮೊದಲ ಸಾಲಿನಲ್ಲಿ ಮೊತ್ತ ಮತ್ತು ತಾರೀಖು. ಎರಡನೆಯದರಲ್ಲಿ ಕಟ್ಟದಿದ್ದರೆ ಏನಾಗುತ್ತದೆ ಎಂಬುದು, ಬೆದರಿಕೆಯ ಧ್ವನಿ ಇಲ್ಲದೆ. ಇಷ್ಟು ಬೆಂದ ಮೇಲೆ ಸಿಹಿ: "ಈ ಸಲದ ಕೊಳೆರೋಗದಿಂದ ತೋಟಕ್ಕೆ ಆದ ನಷ್ಟ ನಮಗೂ ತಿಳಿದಿದೆ. ಕಂತು ಮಾಡಿಕೊಳ್ಳಲು ಅವಕಾಶವಿದೆ. ಹತ್ತನೆಯ ತಾರೀಖಿನೊಳಗೆ ಒಮ್ಮೆ ಬನ್ನಿ, ಕುಳಿತು ಮಾತನಾಡೋಣ." ಇಲ್ಲಿ ಸಿಹಿ ಎಂದರೆ ಕಂತು. ಕೊಡಲು ಕೈಯಲ್ಲಿ ಏನೂ ಇಲ್ಲದಾಗ ಬರೀ ನಯವಾದ ಮಾತು ಬರೆದರೆ ಅದು ಮೊಣಕೈಗೆ ಬೆಲ್ಲ ಸವರಿದ ಹಾಗೆ. ಕಾಣುತ್ತದೆ, ನಾಲಿಗೆಗೆ ಎಟಕುವುದಿಲ್ಲ.

ಮನೆಯ ಮಾತಿಗೆ ನಮ್ಮ ಹಿರಿಯರು ಬೆಲ್ಲವನ್ನು ಮೊದಲೇ ಬೆರೆಸಿಟ್ಟಿದ್ದಾರೆ, ಹೊಸದಾಗಿ ಹುಡುಕಬೇಕಿಲ್ಲ. ಹೊರಡುವಾಗ 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ'. ದೇವರ ಮುಂದಿನ ದೀಪವನ್ನು ಆರಿಸುವುದಿಲ್ಲ, 'ದೊಡ್ಡದು ಮಾಡುತ್ತೇವೆ'. ಬಳೆ ಒಡೆಯುವುದಿಲ್ಲ, 'ಹೆಚ್ಚುತ್ತದೆ'. ಕತ್ತಲಾದ ಮೇಲೆ ಅಂಗಳದಲ್ಲಿ ಹಾವು ಬರುವುದಿಲ್ಲ, 'ಹುಳ' ಬರುತ್ತದೆ. ಬಂದ ನೆಂಟರನ್ನು 'ಯಾಕೆ ಬಂದಿರಿ' ಎಂದು ಕೇಳುವ ಮೊದಲು ಆಸರಿಗೆ, ಅಂದರೆ ದಣಿವಾರಿಸಲು ಕುಡಿಯುವುದಕ್ಕೆ, ಏನು ಕೊಡಲಿ ಎಂದು ಕೇಳಿ, ಬೆಲ್ಲದ ಚೂರು, ತಣ್ಣನೆಯ ನೀರು ಇಡುವ ಪದ್ಧತಿ ಇತ್ತು. ಬಿಸಿಲಿನಲ್ಲಿ ನಡೆದು ಬಂದವರಿಗೆ ಅದು ಔಷಧಿಯೂ ಹೌದು. ಬಂದ ಕೆಲಸ ಏನೆಂದು ಅವರೇ ಹೇಳುವಷ್ಟು ಹೊತ್ತು ಆ ಲೋಟ ಸಂಪಾದಿಸಿಕೊಡುತ್ತದೆ.

ಇಲ್ಲ ಎನ್ನುವುದು ಹೇಗೆ? ನಮ್ಮ ಕಡೆ 'ನೋಡೋಣ' ಎಂಬ ಒಂದು ಮಾತಿದೆ. ಅದರ ಅರ್ಥ ಮುಕ್ಕಾಲು ಪಾಲು 'ಇಲ್ಲ' ಎಂದೇ, ಆದರೆ ಬೇರೆ ಊರಿನವರು ಅದನ್ನು 'ಹೌದು' ಎಂದು ತಿಳಿದು ಕಾಯುತ್ತಾ ಕೂರುತ್ತಾರೆ. ತೋಟದ ಕೆಲಸಕ್ಕೆ ಬರುವವರಿಗೆ, ಹುಡುಗಿ ನೋಡಲು ಬಂದವರಿಗೆ, ಸಾಲ ಕೇಳಿದ ತಮ್ಮನಿಗೆ 'ನೋಡೋಣ' ಎನ್ನಬೇಡಿ. "ಈ ಸಲ ಆಗುವುದಿಲ್ಲ ತಮ್ಮಾ" ಎಂದು ಮೊದಲು ಹೇಳಿ. ಅದು ಇಳಿದ ಮೇಲೆ ಕಾರಣ, ಕಾರಣದ ಮೇಲೆ ಊಟ. ಊಟ ಹಾಕದೆ 'ಇಲ್ಲ' ಹೇಳಿ ಕಳಿಸುವುದು ನಮ್ಮ ಮನೆಗಳಲ್ಲಿ ಆಗುವ ಕೆಲಸವೂ ಅಲ್ಲ.

ಮಕ್ಕಳನ್ನು ತಿದ್ದುವಾಗ ಹಾಗಲಕಾಯಿಯ ಕ್ರಮ: ಮೊದಲು ಒಂದು ಚಿಟಿಕೆ ಉಪ್ಪು, ಅಂದರೆ ನಡೆದದ್ದು ಏನೆಂದು ನೇರವಾಗಿ ಕೇಳುವುದು. "ನೀನು ಎಷ್ಟು ಜಾಣ, ಆದರೆ" ಎಂದು ಶುರುಮಾಡಿದರೆ ಮಗು ಆ 'ಆದರೆ'ಗೆ ಕಿವಿ ನೆಟ್ಟು, 'ಜಾಣ'ವನ್ನು ಕೇಳಿಸಿಕೊಳ್ಳುವುದೇ ಇಲ್ಲ. ಹತ್ತು ಸಲ ಹಾಗೆ ಮಾಡಿದರೆ ನಿಜವಾಗಿ ಹೊಗಳಿದಾಗಲೂ ಏಟಿಗೆ ಕಾಯುತ್ತದೆ. ನನ್ನ ಮಗಳು ಇಂದಿಗೂ ನಾನು ಹೊಗಳಿದರೆ "ಮುಂದೆ ಹೇಳಮ್ಮ" ಎನ್ನುತ್ತಾಳೆ.

ಸಾವಿನ ಸುದ್ದಿಗೆ ಸಿಹಿ ಬೆರೆಸುವ ಪದ್ಧತಿಯ ಬಗ್ಗೆ ನನಗೆ ಜಗಳವಿದೆ. "ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ, ಹೊರಟು ಬಾ" ಎಂದು ಫೋನು ಮಾಡುತ್ತಾರೆ. ದಾರಿಯಲ್ಲಿ ಏನಾದರೂ ಆದೀತೆಂಬ ಭಯ ಅವರದು, ಅದು ಸುಳ್ಳಲ್ಲ. ನಾನು ಹಾಗೆ ಒಂದು ರಾತ್ರಿ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದೆ. ಯಾವ ಡಾಕ್ಟರಿಗೆ ತೋರಿಸುವುದು, ಮಣಿಪಾಲಕ್ಕೆ ಒಯ್ಯುವುದೇ, ದುಡ್ಡು ಯಾರ ಬಳಿ ಕೇಳುವುದು ಎಂದು ಬೆಳಗಿನವರೆಗೆ ಲೆಕ್ಕ ಹಾಕಿದೆ. ಅಂಗಳದಲ್ಲಿ ಸೇರಿದ ಜನವನ್ನು ಕಂಡಾಗ ಆ ಲೆಕ್ಕವೆಲ್ಲ ಮೈಮೇಲೆ ಬಿತ್ತು. ಜೊತೆಗೆ ಬರಲು ಒಬ್ಬರನ್ನು ಹುಡುಕಿ, ಅವರ ಎದುರಿಗೆ ನಿಜ ಹೇಳಿ. 'ತೀರಿಕೊಂಡರು' ಎಂಬ ಶಬ್ದದಲ್ಲಿಯೇ ಬೇಕಾದಷ್ಟು ಮೃದುತ್ವ ಇದೆ.

ಇನ್ನು ಬಾಯಿ ಬೆಲ್ಲ, ಕರುಳು ಕತ್ತರಿ ಎನ್ನುವ ಜಾತಿಯವರನ್ನು ಗುರುತಿಸುವುದು ಹೇಗೆ ಎಂದು ಕೇಳುತ್ತಾರೆ. ನನ್ನ ಕಚೇರಿಯ ಅನುಭವದಲ್ಲಿ ಒಂದೇ ಗುರುತು: ಅವರ ಸಿಹಿಗೆ ಪ್ರಮಾಣ ಬದಲಾಗುವುದಿಲ್ಲ. ಅಧ್ಯಕ್ಷರಿಗೂ ಅಷ್ಟೇ, ಜವಾನನಿಗೂ ಅಷ್ಟೇ, ನಿನ್ನೆ ಜಗಳವಾಡಿದವರಿಗೂ ಅಷ್ಟೇ. ಕೈಯಲ್ಲಿ ಅಡುಗೆ ಮಾಡುವವರ ಬೆಲ್ಲ ದಿನಕ್ಕೊಂದಿಷ್ಟು ಹೆಚ್ಚುಕಡಿಮೆ ಆಗಲೇಬೇಕು.

ಹಂತ 7: ಹೆಚ್ಚಾದರೆ

ಹಾಕಿದ ಸಿಹಿಯನ್ನು ತೆಗೆಯುವ ಉಪಾಯ ಇಲ್ಲ. ಸಾರಿಗೆ ಹೆಚ್ಚಾದರೆ ಹುಳಿ, ಉಪ್ಪು ಏರಿಸಿ ಸರಿದೂಗಿಸಬಹುದು. ಪಾಯಸಕ್ಕೆ ಬೆಂದ ಅಕ್ಕಿಯನ್ನೋ ಹಾಲನ್ನೋ ಸೇರಿಸಿ ಪಕ್ಕದ ಮನೆಗೂ ಕೊಡಬಹುದು. ಒಂದು ಎಚ್ಚರಿಕೆ: ತಣ್ಣಗೆ ಕುಡಿಯುವ ಪಾನಕವನ್ನು ಬಿಸಿಯಿರುವಾಗ ರುಚಿ ನೋಡಬೇಡಿ. ತಣ್ಣಗಾದಾಗ ನಾಲಿಗೆಗೆ ಸಕ್ಕರೆ ಕಡಿಮೆ ಎನಿಸುತ್ತದೆ. ಜೇನು ಇದಕ್ಕೆ ಸ್ವಲ್ಪ ವಿರುದ್ಧ. ಅದರಲ್ಲಿ ಹೆಚ್ಚಿರುವ ಫ್ರಕ್ಟೋಸ್ ಬಿಸಿಯಲ್ಲಿ ತನ್ನ ಸಿಹಿಯನ್ನು ಕಳೆದುಕೊಳ್ಳುತ್ತದೆ, ಆದ್ದರಿಂದ ತಣ್ಣನೆಯ ಪಾನಕಕ್ಕೆ ಕಡಿಮೆ ಜೇನು ಸಾಕು.

ಮೈಗೆ ಹೆಚ್ಚಾದದ್ದರ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ, ದಿನದ ಒಟ್ಟು ಶಕ್ತಿಯಲ್ಲಿ ಹೊರಗಿನಿಂದ ಬೆರೆಸಿದ ಸಕ್ಕರೆಯ ಪಾಲು ಶೇಕಡ 10ಕ್ಕಿಂತ ಕಡಿಮೆ, ಸಾಧ್ಯವಾದರೆ 5ಕ್ಕಿಂತ ಕಡಿಮೆ. ಎರಡನೆಯದು ಸುಮಾರು 25 ಗ್ರಾಂ, ಐದಾರು ಚಹಾ ಚಮಚ. ಜೇನೂ ಅದರೊಳಗೇ ಬರುತ್ತದೆ. "ಬೆಲ್ಲ ಅಲ್ಲವೇ, ಏನೂ ಆಗುವುದಿಲ್ಲ" ಎಂದು ಸಕ್ಕರೆ ಕಾಯಿಲೆಯವರ ಎಲೆಗೆ ಎರಡನೆಯ ಹೋಳಿಗೆ ಬಡಿಸುವುದು ನಮ್ಮ ಪಂಕ್ತಿಗಳ ದೊಡ್ಡ ಪ್ರೀತಿ ಮತ್ತು ದೊಡ್ಡ ಅಪರಾಧ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣದ ಅಂಶ ಇದ್ದರೂ ಅದರ ಬಹುಪಾಲು ಸಕ್ಕರೆಯೇ, ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಬದಲಿಗೆ ಬಳಸುವ ಗುಳಿಗೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಸ್ಯಾಕರಿನ್. 1879ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಫಾಲ್ಬರ್ಗ್ ಎಂಬ ರಸಾಯನ ವಿಜ್ಞಾನಿ ಕೈ ತೊಳೆಯದೆ ಊಟಕ್ಕೆ ಕುಳಿತು ಬ್ರೆಡ್ಡು ಸಿಹಿಯಾದದ್ದರಿಂದ ಅದು ಸಿಕ್ಕಿತು ಎನ್ನುತ್ತಾರೆ. ನಮ್ಮ ಅತ್ತೆ ಈ ಕಥೆ ಕೇಳಿ ಕೈ ತೊಳೆಯದವನ ಮೇಲೆಯೇ ಸಿಟ್ಟಾದರು. ಆಸ್ಪರ್ಟೇಮ್ ಎಂಬ ಇನ್ನೊಂದು ಬದಲಿ ಸಿಹಿಯನ್ನು ಹಾಕಿ ಪಾಯಸ ಕುದಿಸಬೇಡಿ, ಹೆಚ್ಚು ಹೊತ್ತಿನ ಬಿಸಿಗೆ ಅದರ ಸಿಹಿ ಹೋಗುತ್ತದೆ. ಯಾರಿಗೆ ಯಾವುದು ಎಷ್ಟು ಎನ್ನುವುದನ್ನು ಅವರವರ ಡಾಕ್ಟರು ಹೇಳಲಿ. ಬಡಿಸುವವರು ಮಾಡಬೇಕಾದದ್ದು ಇಷ್ಟೇ: 'ಸಾಕು' ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದ ಬಡಿಸದಿರುವುದು.

ಹಂತ 8: ಮಳೆಗಾಲ ದಾಟಿಸುವುದು

ಬೆಲ್ಲ ಗಾಳಿಯ ತೇವವನ್ನು ಕುಡಿಯುತ್ತದೆ, ನಮ್ಮಲ್ಲಿ ಜೂನ್‌ನಿಂದ ಗಾಳಿಯೇ ನೀರು. ಅಚ್ಚು ಬೆಲ್ಲವನ್ನು ಮೇ ತಿಂಗಳ ಬಿಸಿಲಿನಲ್ಲಿ ಒಂದೆರಡು ದಿನ ಇಟ್ಟು, ಕಾಗದದಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಗೆ ತುಂಬಿ ಒಲೆಯ ಮೇಲಿನ ಅಟ್ಟದಲ್ಲಿಡಿ. ಜೋನಿಗೆ ಗಾಜಿನ ಭರಣಿ ಒಳ್ಳೆಯದು. ಬಾಯಿಯವರೆಗೆ ತುಂಬಬೇಡಿ, ಒದ್ದೆ ಸೌಟು ಎಂದೂ ಅದ್ದಬೇಡಿ. ದೋಸೆಗೆ ಬಡಿಸುವಾಗ ದೊಡ್ಡ ಭರಣಿಯಿಂದಲೇ ತೆಗೆಯುವ ಬದಲು ವಾರಕ್ಕೆ ಬೇಕಾದಷ್ಟನ್ನು ಸಣ್ಣ ಬಟ್ಟಲಿಗೆ ಬಗ್ಗಿಸಿಕೊಳ್ಳಿ. ಮೇಲೆ ಸಣ್ಣ ನೊರೆ ಕಂಡರೆ ಕೂಡಲೇ ಒಲೆಗೆ ಹಾಕಿ ಒಂದೆಳೆ ಪಾಕದವರೆಗೆ ಮತ್ತೆ ಕಾಯಿಸಿದರೆ ಉಳಿಯುತ್ತದೆ. ಹೆಂಡದ ವಾಸನೆ ಬಂದಿದ್ದರೆ ಕಾಲ ಮೀರಿದೆ, ಸಗಣಿಯ ಜೊತೆ ಕರಗಿಸಿ ತೋಟಕ್ಕೆ ಹೊಯ್ಯಿರಿ. ಪ್ರತಿ ಸಲ ಬಳಸಿದ ಮೇಲೆ ಭರಣಿಯ ಕಂಠವನ್ನೂ ಮುಚ್ಚಳದ ಒಳಗನ್ನೂ ಒಣಬಟ್ಟೆಯಿಂದ ಒರೆಸಿ. ಇರುವೆಗೆ ದಾರಿ ತೋರಿಸುವುದು ಅಲ್ಲಿ ಉಳಿದ ಒಂದು ಹನಿಯೇ. ಭರಣಿಯನ್ನು ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿಟ್ಟರೆ ಇನ್ನೂ ನಿಶ್ಚಿಂತೆ, ತಟ್ಟೆಯ ನೀರು ಎರಡು ದಿನಕ್ಕೊಮ್ಮೆ ಬದಲಾಗುತ್ತಿರಬೇಕು, ಅಷ್ಟೇ.